ಛತ್ತು ಮುಟ್ಟದ ಗೋಡೆ

ಫೋನು ಬಂದಾಗ ನಾನು ಹುಣಸೆಹಣ್ಣು ಹಚ್ಚಿ ಪೂಜೆಯ ತಾಮ್ರದ ತಂಬಿಗೆ ಬೆಳಗುತ್ತಿದ್ದೆ. ಮರುದಿನ ಸೋಮವಾರ. ಕಪ್ಪುಗಟ್ಟಿದ ತಂಬಿಗೆಯಿಂದ ಲಿಂಗಕ್ಕೆ ನೀರೆರೆಯಲು ನನಗೆ ಮನಸ್ಸಾಗುವುದಿಲ್ಲ. ನಮ್ಮ ಮನೆಯವರು ಫೋನಿನ ಪಕ್ಕದಲ್ಲೇ ಕುಳಿತಿದ್ದರು. ಆದರೆ ಅದು ಅವರ ಎಡಗಡೆಗಿತ್ತು. ಹಲಗೆ ಕೊಯ್ಯುವ ಯಂತ್ರದ ಸದ್ದಿನಲ್ಲೇ ಆಯುಷ್ಯ ಕಳೆದು ಅವರ ಎಡಗಿವಿ ಹೋಗಿದೆ. ಬಲಗಿವಿ ಉಳಿದಿದೆ, ಶಿವನ ದಯೆ. ಅದಕ್ಕೇ ನಾನು ಊಟಕ್ಕೂ ಪೂಜೆಗೂ ಅವರ ಬಲಕ್ಕೇ ಕೂರುತ್ತೇನೆ.

ಕಿರುಬೆರಳಿಂದ ಫೋನು ಒತ್ತಿ ಕಿವಿಗೆ ಹಿಡಿದೆ.

"ಮೌಶಿ, ನಾ ಮಂಗಲಾ. ಬಸವಕಲ್ಯಾಣದಿಂದ."

"ಹೇಳವ್ವಾ, ಆರಾಮಿದ್ದಿ?" ಎಂದೆ. ಮಂಗಲಾ ನಮ್ಮ ಬಳಗದವಳಲ್ಲ, ಪ್ರೀತಿಯಿಂದ ನನ್ನನ್ನು ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಾಳೆ.

"ಆರಾಮ್ ಇದ್ದೀನಿ. ನಮ್ಮ ಹೊಸಾ ಖೋಲಿ ತಯಾರಾಗ್ಯಾದ. ಬುಧವಾರ ಚಾಲೂ ಮಾಡತಾರಂತ. ಕುರ್ಚಿ, ಪಂಖಾ, ಪಡದಿ, ಎಲ್ಲಾ ಬಂದಾವ."

"ಛಲೋ ಆತಲ್ಲ, ತಾಯಿ."

"ಮೌಶಿ, ಗೋಡಿ ಛತ್ತಿಗಿ ಮುಟ್ಟಿಲ್ಲ."

ಯಾರು ಮಾಡಿದ್ದು ಎಂದು ಕೇಳಿದೆ.

"ರೇವಪ್ಪ ಗುತ್ತೇದಾರ್ರು."

ತಂಬಿಗೆ ಅರ್ಧ ಬೆಳಗಿತ್ತು, ಅರ್ಧ ಕಪ್ಪಗಿತ್ತು. ಹಾಗೇ ಕೆಳಗಿಟ್ಟೆ. "ನಾಳಿ ಪೂಜಾ ಮುಗಿಸ್ಕೊಂಡು ಬರತೀವಿ" ಎಂದೆ.

ಗೋಡೆ ಛತ್ತಿಗೆ, ಅಂದರೆ ಮೇಲಿನ ಛಾವಣಿಗೆ, ಮುಟ್ಟದಿದ್ದರೆ ಈ ಮುದುಕಿಗೇನು ಸಿಟ್ಟು ಎಂದು ಓದುವವರು ಕೇಳಬಹುದು. ನನ್ನ ತಂಗಿಯ ಮಗಳು ಈಗ ನಮ್ಮೂರು ಹುಮನಾಬಾದಿನಲ್ಲೇ ಪಾರ್ಟಿಷನ್ ಗೋಡೆಯ ಕೆಲಸ ಕಲಿಯುತ್ತಿದ್ದಾಳೆ. ಅವಳ ಜೊತೆ ಇನ್ನೂ ಕೆಲವು ಹುಡುಗಿಯರಿದ್ದಾರೆ. ಅವರಿಗೆ ಅಳತೆ ಕಲಿಸುವವರಿದ್ದಾರೆ, ಯಂತ್ರ ಹಿಡಿಯುವುದು ಕಲಿಸುವವರೂ ಇದ್ದಾರೆ. ಸಿಟ್ಟು ಯಾಕೆ ಬರಬೇಕು ಎಂದು ಕಲಿಸುವವರು ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದ್ದ ಒಂದು ಕೋಣೆಯನ್ನು ಎರಡು ಮಾಡುವುದೇ ನಮ್ಮ ಕೆಲಸ. ದವಾಖಾನೆ, ವಕೀಲರ ಕಚೇರಿ, ಕೋಚಿಂಗ್ ಕ್ಲಾಸು, ಹೆಣ್ಣುಮಕ್ಕಳ ಹಾಸ್ಟೆಲು, ಎಲ್ಲರಿಗೂ ಕೋಣೆ ಸಾಲುವುದಿಲ್ಲ. ನಡುವೆ ಕಬ್ಬಿಣದ ಚಾನೆಲ್ ನಿಲ್ಲಿಸಿ, ಎರಡೂ ಕಡೆ ಜಿಪ್ಸಮ್ ಹಲಗೆ ಬಡಿದು, ಒಳಗೆ ಹತ್ತಿಯಂತೆ ಕಾಣುವ ರಾಕ್‌ವುಲ್ ತುಂಬಿ ಗೋಡೆ ಮಾಡುತ್ತಾರೆ. ಮೊದಮೊದಲು ನಾನು ಮನೆಯವರಿಗೆ ಬುತ್ತಿ ಒಯ್ಯಲು ಹೋಗುತ್ತಿದ್ದೆ, ಅಷ್ಟೇ. ಒಂದು ದಿನ ಅವರು ಏಣಿಯ ಮೇಲಿಂದ, "ಏ, ಇಲ್ಲಿ ಬಾ. ನನ್ನ ಕೈ ಹಿಡಸವಲ್ದು, ನಿನ್ನ ಕೈ ಹೋಗ್ತದೇನ್ ನೋಡು" ಎಂದರು. ಗೋಡೆಯ ತಲೆಗೂ ಛತ್ತಿಗೂ ನಡುವೆ, ನೀರಿನ ಪೈಪಿನ ಹಿಂದೆ ಒಂದು ಸಂದಿ ಇತ್ತು. ನನ್ನ ಕೈ ಬಳೆ ಸಮೇತ ಹೋಯಿತು. ಅಂದಿನಿಂದ ಹೆಗಲು ಸೋಲುವವರೆಗೂ ಆ ಸಂದಿಯೇ ನನ್ನ ಪಾಲಿನ ಕೆಲಸವಾಯಿತು. ಬೆಳಗ್ಗೆ ರೊಟ್ಟಿ ಬಡಿದು, ಪೂಜೆ ಮಾಡಿ, ಸೀರೆಯ ಮೇಲೆ ಮನೆಯವರ ತುಂಬುತೋಳಿನ ಅಂಗಿ ತೊಟ್ಟು ಏಣಿ ಹತ್ತುತ್ತಿದ್ದೆ. ಆ ರಾಕ್‌ವುಲ್ ಮೈಗೆ ತಾಗಿದರೆ ಕಡಿತ ತಡೆಯಲಾಗುವುದಿಲ್ಲ. ಹೊಸಬರು ಇದನ್ನು ಮರೆಯಬೇಡಿ.

ಗೋಡೆಯ ಮೈ ಎಷ್ಟು ದಪ್ಪವಿದ್ದರೂ ಮಾತು ದಾಟುವುದು ತಲೆಯ ಮೇಲಿಂದ. ಛತ್ತಿನ ಕೆಳಗೆ ಚಂದ ಕಾಣಲೆಂದು ಫಾಲ್ಸ್ ಸೀಲಿಂಗ್ ಹಾಕುತ್ತಾರೆ. ಅದು ತೆಳ್ಳನೆಯ ಮುಚ್ಚಳ, ಅದರ ಮೇಲೆ ಖಾಲಿ ಜಾಗ. ಗೋಡೆಯನ್ನು ಆ ಮುಚ್ಚಳದವರೆಗೆ ತಂದು ನಿಲ್ಲಿಸಿದರೆ ನೋಡುವವರ ಕಣ್ಣಿಗೆ ಗೋಡೆ ಪೂರ್ತಿಯಾಗಿದೆ. ಮಾತು ಮಾತ್ರ ಮುಚ್ಚಳ ದಾಟಿ, ಆ ಖಾಲಿ ಜಾಗದಲ್ಲಿ ನಡೆದು, ಆಚೆಯ ಕೋಣೆಗೆ ಇಳಿಯುತ್ತದೆ. ಆದ್ದರಿಂದ ಗೋಡೆ ಮುಚ್ಚಳವನ್ನು ದಾಟಿ ನಿಜವಾದ ಛತ್ತಿನವರೆಗೂ ಹೋಗಬೇಕು. ಹೋದ ಮೇಲೂ ಹಲಗೆಯನ್ನು ಛತ್ತಿಗೆ ಒತ್ತಿ ಕೂರಿಸಬಾರದು. ಬೇಸಿಗೆಯ ಬಿಸಿಲಿಗೆ ನಮ್ಮ ಕಡೆಯ ಛತ್ತು ಮೈಮುರಿಯುತ್ತದೆ, ಆಗ ಹಲಗೆ ಬಿರುಕು ಬಿಡುತ್ತದೆ. ಬೆರಳಷ್ಟು ಜಾಗ ಬಿಟ್ಟು, ಒಣಗಿದರೂ ರಬ್ಬರಿನಂತೆ ಮೆತ್ತಗಿರುವ ಸೀಲಂಟ್ ತುಂಬಬೇಕು. ಪೈಪು, ವಾಯರು ತೂರಿ ಹೋದಲ್ಲೆಲ್ಲ ಸುತ್ತ ತುಂಬಬೇಕು. ಒಂದು ಕಡೆ ಟಾರ್ಚು ಹಿಡಿದು ಇನ್ನೊಂದು ಕಡೆಯಿಂದ ನೋಡಿ. ಬೆಳಕು ಕಂಡರೆ ಮಾತೂ ಬರುತ್ತದೆ ಎಂದೇ ತಿಳಿಯಿರಿ.

ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ಎಲ್ಲ ಗುತ್ತಿಗೆದಾರರಿಗೂ ಗೊತ್ತು. ರೇವಪ್ಪನವರಿಗಂತೂ ನಮ್ಮಷ್ಟೇ ಗೊತ್ತು, ನಮ್ಮ ಮನೆಯವರೂ ಅವರೂ ಒಂದೇ ಉಸ್ತಾದರ ಕೈಕೆಳಗೆ ಕಲಿತವರು. ಗೊತ್ತಿದ್ದೂ ಮಾಡದಿರುವುದೇ ನನ್ನ ಹೊಟ್ಟೆ ಉರಿಸುವುದು. ಏಣಿಯ ಕೆಳಗೆ ನಿಂತು, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತ ಅವರು ಯಾವಾಗಲೂ ಒಂದೇ ಮಾತು ಹೇಳುತ್ತಿದ್ದರು:

"ವೈನಿ, ಸಾಕ್ ಇಳೀರಿ. ಮ್ಯಾಲ ಯಾರ್ ನೋಡತಾರ?"

"ಯಾರೂ ನೋಡೂದಿಲ್ಲರಿ, ರೇವಪ್ಪಣ್ಣ. ಕೇಳತಾರ."

"ನೀವು ಬಲು ಹಟಮಾರಿ ಇದ್ದೀರಿ" ಎಂದು ನಕ್ಕು ಹೋಗಿಬಿಡುತ್ತಿದ್ದರು. ನಾನು ಇಳಿಯುತ್ತಿರಲಿಲ್ಲ. ನಾವು ಕೆಲಸಕ್ಕೆ ಇಲ್ಲದ ಕಡೆ ಸಂದಿಗೆ ಹಳೆ ಪೇಪರು ತುರುಕಿ ಮೇಲೆ ಪುಟ್ಟಿ ಎಳೆಸುತ್ತಿದ್ದರು. ಥರ್ಮಾಕೋಲ್ ಚೂರು ತುರುಕಿಸುತ್ತಿದ್ದರು. ಮಾಲೀಕರು ಬಂದು ಗೋಡೆಗೆ ಗುದ್ದಿ ನೋಡಿ, "ಘಟ್ಟಿ ಅದ" ಎಂದು ಖುಷಿಯಾಗಿ ಹೋಗುತ್ತಿದ್ದರು. ಗೋಡೆಯನ್ನು ಗುದ್ದಿ ನೋಡುತ್ತಾರೆ, ಯಾರೂ ಒಳಗೆ ಕುಳಿತು ಮಾತಾಡಿ ನೋಡುವುದಿಲ್ಲ.

ಮಾಲೀಕರ ಕಥೆಗಳೂ ಕಡಿಮೆ ಇಲ್ಲ. ಚಿಟಗುಪ್ಪದಲ್ಲಿ ಒಬ್ಬ ವಕೀಲರು ಎರಡು ಕೋಣೆ ಬೇಕೆಂದರು, ಪಂಖಾ ಮಾತ್ರ ಒಂದೇ ಇತ್ತು. ಗೋಡೆಯನ್ನು ಪಂಖಾದ ಕೆಳಗೇ ನಿಲ್ಲಿಸಿ, ಗಾಳಿ ಎರಡೂ ಕಡೆ ಆಡಲಿ ಎಂದು ಅವರ ಹಟ. "ವಕೀಲಸಾಬ್ರ, ನಿಮ್ಮ ಪಕ್ಷಗಾರ ಇಲ್ಲಿ ಕುಂತಿರತಾನ, ಎದುರು ಪಾರ್ಟಿ ಬಾಜೂದಾಗ ಕುಂತಿರತಾನ" ಎಂದು ಮನೆಯವರು ತಿಳಿಹೇಳಿದರು. "ಇಬ್ಬರೂ ಒಂದೇ ಹವಾ ಕುಡೀಲಿ, ರಾಜಿ ಲಗೂನ ಆಗತದ" ಎಂದರು ವಕೀಲರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇನ್ನೊಂದು ಹುಮನಾಬಾದಿನ ಭಜನಾ ಮಂಡಳಿ. ಅವರ ಕೋಣೆಗೆ ಹೊಂದಿಕೊಂಡೇ ಮಕ್ಕಳ ಟ್ಯೂಷನ್ನು. ತಾಳದ ಸದ್ದಿಗೆ ಮಕ್ಕಳು ಲೆಕ್ಕ ತಪ್ಪುತ್ತಾರೆ ಎಂದು ಜಗಳ. ಗೋಡೆಗೆ ತತ್ತಿಯ ಟ್ರೇ ಅಂಟಿಸಿದರೆ ಸದ್ದು ನಿಲ್ಲುತ್ತದೆ ಎಂದು ಯಾರೋ ಹೇಳಿದ್ದರಂತೆ. ಮಂಡಳಿಯ ಹಿರಿಯರು ಕಿವಿ ಮುಚ್ಚಿಕೊಂಡರು. ಶರಣರ ನಾಮ ಹಾಡುವ ಜಾಗದಲ್ಲಿ ತತ್ತಿಯ ಟ್ರೇ! ಕೊನೆಗೆ ಹಣ್ಣಿನ ಅಂಗಡಿಯಿಂದ ಸೇಬಿನ ಟ್ರೇ ತರಿಸಿ ಗೋಡೆ ತುಂಬ ಅಂಟಿಸಿದರು. ಸದ್ದು ಎಷ್ಟಿತ್ತೋ ಅಷ್ಟೇ ಉಳಿಯಿತು. ನಮ್ಮ ಜೊತೆ ಚಾನೆಲ್ ನಿಲ್ಲಿಸುತ್ತಿದ್ದ ಮೆಹಬೂಬ್ ಭಾಯಿ ಅದನ್ನು ನೋಡಿ, "ಭಾಬೀ, ತತ್ತೀದೇನ್ ಗುನಾ, ಸೇಬಿಂದೇನ್ ಪುಣ್ಯಾ? ಗೋಡಿ ತಲಿ ಮ್ಯಾಲ ಕೋಳಿ ಹಾರಿ ಹೋಗೂವಷ್ಟು ಜಾಗಾ ಅದ" ಎಂದರು. ಟ್ರೇಗಳನ್ನು ಹಾಗೇ ಬಿಟ್ಟು ಮೇಲೆ ಗೋಡೆ ಏರಿಸಿದೆವು. ಮಕ್ಕಳ ಲೆಕ್ಕ ಸರಿಹೋಯಿತು. ಆ ಕೀರ್ತಿಯೆಲ್ಲ ಇವತ್ತಿಗೂ ಸೇಬಿನ ಟ್ರೇಗಳಿಗೆ ಸಲ್ಲುತ್ತಿದೆ.

ಕೆಲಸ ಮುಗಿದ ಮೇಲೆ ಪರೀಕ್ಷಿಸಲು ನಮ್ಮದೇ ಒಂದು ಪದ್ಧತಿ ಇತ್ತು. ಮನೆಯವರು ಒಳಗೆ ಬಾಗಿಲು ಹಾಕಿಕೊಂಡು, ಬಸ್ಸಿನ ಕಂಡಕ್ಟರನಂತೆ ಊರಿನ ಹೆಸರು ಹೇಳುತ್ತಿದ್ದರು. ಕೂಗಬಾರದು, ಮನೆಯಲ್ಲಿ ಮಾತಾಡುವ ದನಿ ಇರಬೇಕು. ನಾನು ಆಚೆ ಕುಳಿತು ಯಾವ ಊರು ಬಂತು ಎಂದು ಹೇಳಬೇಕು. ಹೇಳಲು ಬಂದರೆ ಗೋಡೆ ನಾಪಾಸು. ಮೊದಲು ಅವರು ಹುಮನಾಬಾದ, ರಾಜೇಶ್ವರ, ಬಸವಕಲ್ಯಾಣ ಎಂದು ದಾರಿಯ ಕ್ರಮದಲ್ಲೇ ಹೇಳುತ್ತಿದ್ದರು. ನನ್ನ ತವರಿನ ದಾರಿ ಅದು. ಬರೀ ಗುಂಯ್‌ಗುಟ್ಟಿದರೂ ರಾಜೇಶ್ವರದ ಮುಂದಿನ ಊರು ನನ್ನ ಮನಸ್ಸೇ ಹೇಳಿಕೊಡುತ್ತಿತ್ತು. ಹೀಗೆ ಒಂದು ಒಳ್ಳೆಯ ಗೋಡೆಯ ತಲೆಯನ್ನು ವಿನಾಕಾರಣ ಬಿಚ್ಚಿಸಿದ ಮೇಲೆ ಅವರು ಊರುಗಳನ್ನು ಕಲಸಿ ಹೇಳತೊಡಗಿದರು. ಬಸವಕಲ್ಯಾಣ ಆದ ಮೇಲೆ ಚಿಟಗುಪ್ಪ, ಅಲ್ಲಿಂದ ನಾರಾಯಣಪುರ, ಮತ್ತೆ ಹುಮನಾಬಾದ. ಯಾವ ಬಸ್ಸೂ ಹೋಗದ ದಾರಿ. ಗೊತ್ತಿರುವ ಮಾತನ್ನು ಕಿವಿ ಊಹಿಸಿಬಿಡುತ್ತದೆ, ಗೊತ್ತಿಲ್ಲದ ಮಾತು ಕೇಳಿಸಿದರೆ ಅದು ಗೋಡೆಯ ತಪ್ಪೇ. ಈ ಕೆಲಸಕ್ಕೆ ಬರುವವರು ಇದೊಂದನ್ನು ಕಲಿತರೂ ಸಾಕು.

ಈಗ ಮಂಗಲಾಳ ಮಾತು ಹೇಳುತ್ತೇನೆ. ಬರೆಯಲೇ ಎಂದು ಅವಳನ್ನೇ ಕೇಳಿದ್ದೇನೆ. ಹೆಸರು ಬದಲಿಸಲೇ ಎಂದೂ ಕೇಳಿದೆ. "ಯಾತಕ್ಕ, ಮೌಶಿ? ಎಲ್ಲಾರೂ ಕೇಳೇ ಬಿಟ್ಟಾರ. ಇನ್ನ ಮುಚ್ಚಿ ಏನ್ ಮಾಡೂದು? ಬರೀರಿ" ಎಂದಳು.

ಹುಮನಾಬಾದಿನಲ್ಲಿ ಒಬ್ಬ ಡಾಕ್ಟರ್ ಬಾಯಿ, ಅಂದರೆ ಡಾಕ್ಟರಮ್ಮ, ಹೊಸ ದವಾಖಾನೆ ಮಾಡಿಸಿದರು. ಹೆಣ್ಣುಮಕ್ಕಳ ದವಾಖಾನೆ. ಗುತ್ತಿಗೆ ರೇವಪ್ಪನವರದು, ಗೋಡೆ ನಮ್ಮದು. ಡಾಕ್ಟರರ ಕೋಣೆಗೂ ಹೊರಗೆ ಕಾಯುವವರ ಬೆಂಚಿಗೂ ನಡುವೆ ಒಂದು ಗೋಡೆ. ಚಾನೆಲ್ ನಿಲ್ಲಿಸುವಾಗಲೇ ರೇವಪ್ಪನವರು, ಫಾಲ್ಸ್ ಸೀಲಿಂಗಿನವರೆಗೆ ತಂದು ಬಿಡಿ, ಬೇಗ ಮುಗಿಯಬೇಕು ಎಂದರು. ಬೇರೆಲ್ಲಾದರೂ ಬಾಯಿ ಮುಚ್ಚಿಕೊಂಡಿರಬಹುದಿತ್ತು. ಇಲ್ಲಿ ನನಗೆ ಆಗಲಿಲ್ಲ.

"ಅಣ್ಣಾ, ಇದು ಹೆಣ್ಣಮಕ್ಕಳು ಬರೂ ಜಾಗಾ. ಏನೇನ್ ಮಾತಿರತಾವೋ. ಛತ್ತಿನತನಕ ಹೋಗೂಣು."

"ವೈನಿ, ನಿಮಗ ಕೆಲಸಾ ಬೇಕೋ, ಭಾಷಣಾ ಬೇಕೋ?"

"ಕೆಲಸಾನೇ ಬೇಕರಿ. ಅರ್ಧಾ ಬ್ಯಾಡ."

ಮರುದಿನ ನಮ್ಮ ಏಣಿ, ನಮ್ಮ ಪೆಟ್ಟಿಗೆ ಹೊರಗಿದ್ದವು. ಬೇರೆಯವರು ಬಂದು ಮುಗಿಸಿದರು. ನಮ್ಮ ಮನೆಯವರು ಏಣಿ ಹೆಗಲಿಗೇರಿಸಿಕೊಂಡು ಮನೆಗೆ ನಡೆದರು. ಸಂಜೆ, "ನೀ ಹೇಳಿದ್ದು ಖರೇ ಅದ, ಹೋಗಲಿ ಬಿಡು" ಎಂದರು. ಗಂಡ ಹಾಗೆ ಅಂದದ್ದೂ ಒಂದು ದಯೆಯೇ. ಬೇರೆ ಮನೆಯಲ್ಲಿ ಆಗಿದ್ದರೆ ಹೆಂಡತಿಯ ಬಾಯಿಯಿಂದ ಕೆಲಸ ಹೋಯಿತೆಂದು ಕೂಗಾಡುತ್ತಿದ್ದರು.

ಮುಂದೆ ಕೆಲವು ವಾರಕ್ಕೆ ನನ್ನ ಕೈ ರಾಕ್‌ವುಲ್ಲಿನಿಂದ ಕೆಂಪಗೆ ಊದಿತು. ಅದೇ ದವಾಖಾನೆಗೆ ಹೋದೆ. ಬೆಂಚಿನ ತುಂಬ ಹೆಣ್ಣುಮಕ್ಕಳು. ನನ್ನ ಪಕ್ಕ ನಾರಾಯಣಪುರದ ಒಬ್ಬ ಹೆಂಗಸು ಕುಳಿತಿದ್ದಳು. ಸೊಸೆಗೆ ಇನ್ನೂ ಮಕ್ಕಳಾಗಿಲ್ಲ, ತೋರಿಸಲು ಕರೆತಂದಿದ್ದೇನೆ ಎಂದಳು. ಒಳ್ಳೆಯ ಮಾತಿನ ಹೆಂಗಸೇ. ತನ್ನ ಚೀಲದಿಂದ ಶೇಂಗಾ ತೆಗೆದು ನನಗೂ ಕೊಟ್ಟಳು. ಸೊಸೆ ಒಳಗೆ ಹೋದಳು. ಬಾಗಿಲು ಮುಚ್ಚಿತು, ಒಳಗಿಂದ ಚಿಲಕ ಬಿದ್ದ ಸದ್ದೂ ಕೇಳಿತು. ಆಮೇಲೆ ಮಾತು ಕೇಳತೊಡಗಿತು. ಪಕ್ಕದಲ್ಲೇ ಕುಳಿತು ಆಡಿದ ಹಾಗೆ.

"ಕೂಸು ಬ್ಯಾಡಂತಲ್ಲರಿ, ಬಾಯೀ. ಅವರ ಕೈ ನಿಂತ ಮ್ಯಾಲ ಬೇಕು. ಬಸುರಿದ್ರೂ ಬಡೀತಾರ, ಬ್ಯಾರೇರ ಮನ್ಯಾಗ ನೋಡೀನಿ. ಅಲ್ಲೀತನಕ ಗುಳಗಿ ನುಂಗಾಕತ್ತೀನಿ. ಜ್ವಾಳದ ಹಿಟ್ಟಿನ ಡಬ್ಬ್ಯಾಗ, ತಳಕ್ಕ ಇಟ್ಟೀನಿ. ಅತ್ತಿ ನೋಡಬಾರದಂತ."

ಬೆಂಚಿನ ಮೇಲಿದ್ದವರೆಲ್ಲ ಆ ಅತ್ತೆಯ ಮುಖ ನೋಡಿದರು. ನಾನು ಮೇಲೆ ನೋಡಿದೆ. ಗೋಡೆ ಬಿಳಿ ಮುಚ್ಚಳಕ್ಕೆ ನೀಟಾಗಿ ತಾಗಿ ನಿಂತಿತ್ತು. ಅದರ ಮೇಲೇನಿದೆ ಎಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

"ಹಿಟ್ಟಿನ ಡಬ್ಬ್ಯಾಗ" ಎಂದಳು ಆ ಹೆಂಗಸು. ಯಾರಿಗೂ ಹೇಳಿದ್ದಲ್ಲ. ಚೀಲ ಎತ್ತಿಕೊಂಡು ಎದ್ದು ಹೋದಳು.

ಮಂಗಲಾ ಹೊರಗೆ ಬಂದಾಗ ಮುಖದಲ್ಲಿ ನಗುವಿತ್ತು. ಡಾಕ್ಟರ್ ಬಾಯಿ ಒಳ್ಳೆಯ ಮಾತು ಹೇಳಿದ್ದರೇನೋ. ಬೆಂಚಿನ ಈ ತುದಿಯಿಂದ ಆ ತುದಿಯವರೆಗೆ ನೋಡಿ, "ನಮ್ಮತ್ತಿ ಎಲ್ಲಿ ಹೋದರು?" ಎಂದಳು. ಒಬ್ಬರೂ ತಲೆ ಎತ್ತಲಿಲ್ಲ. ನಾನು ಕೈ ಹಿಡಿದು ಹೊರಗೆ ಕರೆದುಕೊಂಡು ಹೋದೆ.

"ಕೇಳಿಸಿತವ್ವಾ" ಎಂದೆ.

"ಏನ್ ಕೇಳಿಸಿತು?"

"ಎಲ್ಲಾ."

"ಹ್ಯಾಂಗ ಕೇಳಸ್ತದ? ನಾ ಚಿಲಕಾ ಹಾಕೀನಿ. ಎರಡ ಸರ್ತಿ ನೋಡೀನಿ, ಮೌಶಿ, ಬರೋಬ್ಬರಿ ಹಾಕೀನಿ."

ಅವಳು ಎಲ್ಲವನ್ನೂ ಸರಿಯಾಗೇ ಮಾಡಿದ್ದಳು. ಹಿಟ್ಟಿನ ಕೆಳಗೆ ಮುಚ್ಚಿಟ್ಟಳು, ಬಾಗಿಲು ಹಾಕಿದಳು, ಚಿಲಕ ನೋಡಿದಳು, ತಗ್ಗಿದ ದನಿಯಲ್ಲೇ ಹೇಳಿದಳು. ಗೋಡೆ ಮಾಡಿದವರು ಒಂದನ್ನೂ ಸರಿಯಾಗಿ ಮಾಡಿರಲಿಲ್ಲ. ಅವಳನ್ನು ನಾನೇ ರಾಜೇಶ್ವರದ ಬಸ್ಸಿಗೆ ಹತ್ತಿಸಿದೆ, ಅಲ್ಲಿ ಅವಳ ತವರು. ನಾರಾಯಣಪುರದಿಂದ ಅವಳ ಸೀರೆಗಳ ಗಂಟು ಅವಳ ಹಿಂದೆಯೇ ಅಲ್ಲಿಗೆ ಬಂತಂತೆ. ಒಳಗೆ ಇಟ್ಟಿದ್ದು ಆ ಗುಳಿಗೆಯ ಪಾಕೀಟು. ಅದರ ಮೇಲೆ ಇನ್ನೂ ಹಿಟ್ಟು ಮೆತ್ತಿತ್ತಂತೆ.

ಊರಿನವರು ಏನೆಂದರು ಗೊತ್ತೇ? ಇಂಥ ಮಾತು ಬಾಯಿಬಿಟ್ಟು ಹೇಳಬಾರದಿತ್ತು ಎಂದರು. ಇನ್ನೂ ಸಣ್ಣ ದನಿಯಲ್ಲಿ ಹೇಳಬೇಕಿತ್ತು ಎಂದರು. ಹೆಣ್ಣುಮಗಳಿಗೆ ದನಿ ಇಳಿಸು ಎನ್ನುವವರು ಓಣಿಗೊಬ್ಬರು ಸಿಗುತ್ತಾರೆ. ಗೋಡೆ ಏರಿಸು ಎನ್ನಲು ಒಬ್ಬರೂ ಇಲ್ಲ. ಬಡಿದವನ ಕೈಯ ಬಗ್ಗೆಯಂತೂ ಮಾತೇ ಬರಲಿಲ್ಲ.

ನಾನು ಡಾಕ್ಟರ್ ಬಾಯಿಯವರ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರಿಗೆ ನಿಜವಾಗಿಯೂ ಸಂಕಟವಾಯಿತು. ಗುತ್ತಿಗೆದಾರರಿಗೆ ಹೇಳುತ್ತೇನೆ ಎಂದರು. ರೇವಪ್ಪನವರು ಬಂದು, ಹೊರಗೆ ಒಂದು ಸ್ಪೀಕರ್ ಹಾಕಿ ಭಜನೆ ಹಚ್ಚಿದರೆ ಒಳಗಿನ ಮಾತು ಕೇಳುವುದಿಲ್ಲ ಎಂದು ಸಲಹೆ ಕೊಟ್ಟು ಹೋದರು. ಸ್ಪೀಕರ್ ಬಂತು. ಭಜನೆಯ ಸದ್ದು ಅದೇ ಸಂದಿಯಿಂದ ಒಳಗೂ ಹೋಯಿತು. ಡಾಕ್ಟರರು ಪೇಷಂಟಿನ ಮಾತು ಕೇಳಿಸದೆ, "ಏನು? ಜೋರಾಗಿ ಹೇಳಮ್ಮಾ" ಎನ್ನತೊಡಗಿದರು. ಮೊದಲು ಬೆಂಚಿನವರೆಗೆ ಬರುತ್ತಿದ್ದ ಮಾತು ಈಗ ಬೀದಿಯವರೆಗೆ ಬಂತು. ದೇವರ ನಾಮವನ್ನು ಇಂಥದ್ದಕ್ಕೆ ಬಳಸುತ್ತಾರೆಯೇ? ಸಂದಿ ಮುಚ್ಚಲು ಸೀಲಂಟ್ ಇದೆ, ನಾಮವೇ ಬೇಕೇ? ನಾನು ಮತ್ತೆ ಹೋಗಿ ಕೇಳಿದೆ, ಇನ್ನೊಮ್ಮೆಯೂ ಹೋದೆ. ಕೊನೆಗೆ ಬಾಗಿಲಲ್ಲಿದ್ದ ಹುಡುಗಿ ನನ್ನನ್ನು ನೋಡಿದ ಕೂಡಲೇ ಬಾಯಿಯವರು ಬಿಜಿ ಇದ್ದಾರೆ ಎನ್ನಲು ಶುರುಮಾಡಿದಳು.

ಆಮೇಲೆ ನಮ್ಮ ಕಸುಬು ಬಹಳ ಬದಲಾಯಿತು. ದಾರ ಹಿಡಿದು ಗೆರೆ ಎಳೆಯುತ್ತಿದ್ದ ಕಡೆ ಕೆಂಪು ಬೆಳಕಿನ ಯಂತ್ರ ಬಂತು. ಡಬ್ಬಿ ಒತ್ತಿದರೆ ಉಬ್ಬಿ ಸಂದಿ ತುಂಬುವ ಫೋಮ್ ಬಂತು. ಅದು ಉಬ್ಬಿದ್ದನ್ನು ನೋಡಿ ಎಲ್ಲರಿಗೂ ಖುಷಿ. ಆದರೆ ಒಣಗಿದ ಮೇಲೆ ಅದು ಹಗುರ, ಮಾತನ್ನು ಮೆತ್ತನೆಯ ಸೀಲಂಟಿನಷ್ಟು ತಡೆಯುವುದಿಲ್ಲ. ಹಲಗೆಯಲ್ಲೂ ಸದ್ದು ತಡೆಯುವ ಬೇರೆ ಜಾತಿ ಬಂದಿದೆ. ಅದನ್ನೂ ತಂದು ಮುಚ್ಚಳದವರೆಗೇ ನಿಲ್ಲಿಸುತ್ತಾರೆ. ಹೀಗೆ ಎಲ್ಲ ಬದಲಾದರೂ "ಮ್ಯಾಲ ಯಾರ್ ನೋಡತಾರ" ಎಂಬ ಮಾತು ಮಾತ್ರ ಬದಲಾಗಲಿಲ್ಲ. ನನ್ನ ಹೆಗಲು, ಅವರ ಕಿವಿ ಸೋತವು. ನಾವು ಏಣಿ ಮಾರಿ ಮನೆಯಲ್ಲಿ ಕುಳಿತೆವು.

ಮಂಗಲಾ ಸುಮ್ಮನೆ ಕೂರಲಿಲ್ಲ. ತವರಿನಲ್ಲಿದ್ದೇ ಓದಿದಳು. ಈಗ ಬಸವಕಲ್ಯಾಣದಲ್ಲಿ ಮನೆಯಲ್ಲಿ ಕಷ್ಟಪಡುವ ಹೆಣ್ಣುಮಕ್ಕಳ ಮಾತು ಕೇಳಿ ದಾರಿ ಹೇಳುವ ಒಂದು ಸಂಸ್ಥೆಯಲ್ಲಿ ಕೆಲಸಕ್ಕಿದ್ದಾಳೆ. ಇಷ್ಟು ದಿನ ಪಡಸಾಲೆಯ ಮೂಲೆಯಲ್ಲಿ ಕುಳಿತು ಕೇಳುತ್ತಿದ್ದಳು. ಅವಳಿಗೆಂದು ಮಾಡಿದ ಹೊಸ ಕೋಣೆಯೇ ಫೋನಿನಲ್ಲಿ ಹೇಳಿದ ಕೋಣೆ.

ಸೋಮವಾರ ಅರ್ಧ ಕಪ್ಪಗಿದ್ದ ತಂಬಿಗೆಯಲ್ಲೇ ನೀರೆರೆದು, ಕ್ಷಮಿಸು ತಂದೆ ಎಂದು, ಇಬ್ಬರೂ ಬಸ್ಸು ಹತ್ತಿದೆವು. ಕೋಟೆಯ ಕಡೆಗೆ ಹೋಗುವ ಓಣಿಯಲ್ಲಿ ಒಂದು ಹಳೆಯ ಮನೆ. ಕಬ್ಬಿಣದ ಗರ್ಡರಿನ ಮೇಲೆ ಕಲ್ಲಿನ ಫರಸಿ ಹೊದಿಸಿದ ಛತ್ತು. ಅದು ಕಾಣದಂತೆ ಕೆಳಗೆ ಬಿಳಿ ಮುಚ್ಚಳ. ನಮ್ಮ ಮನೆಯವರು ಅದರ ಒಂದು ಚೌಕ ಸರಿಸಿ ಟಾರ್ಚು ಬಿಟ್ಟರು. ಗೋಡೆಯ ತಲೆಯ ಮೇಲೆ ಒಂದು ತೋಳಿನಷ್ಟು ಬಯಲು. ಬೆಳಕು ಹಾಯಾಗಿ ಆಚೆ ಹೋಯಿತು.

ರೇವಪ್ಪನವರು ಅಲ್ಲೇ ಇದ್ದರು. ಕೂದಲು ಬೆಳ್ಳಗಾಗಿತ್ತು, ನಗು ಅದೇ ಇತ್ತು.

"ಶರಣ್ರಿ, ವೈನಿ. ರಿಟೈರ್ ಆಗೀರಿ, ಮನ್ಯಾಗ ಕುಂತು ನಾಮಸ್ಮರಣಿ ಮಾಡಬಾರದೇನ್ರಿ?"

"ಮಾಡೇ ಬಂದೀನಿ, ಅಣ್ಣಾ. ಅದೇ ಕಳಿಸ್ಯಾದ ನನ್ನ."

ಸಂಸ್ಥೆಯ ಮೇಡಂ ಸಮಾಧಾನದ ಹೆಂಗಸು. "ಬುಧವಾರ ಅತಿಥಿಗೋಳು ಬರತಾರ. ಚಾಲೂ ಆಗಲಿ, ಮುಂದ ನೋಡಿ ಮಾಡಸೂಣು" ಎಂದರು. ಮುಂದೆ ನೋಡಿ ಮಾಡಿಸಿದ್ದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. "ಒಂದು ಸಲ ಕೇಳಿ ನೋಡ್ರಿ, ತಾಯಿ" ಎಂದು ಮನೆಯವರನ್ನು ಒಳಗೆ ಕಳಿಸಿದೆ. ಹೊರಗೆ ಪಡಸಾಲೆಯಲ್ಲಿ ಮಂಗಲಾಳ ಹತ್ತಿರ ಮಾತಾಡಲು ಬಂದ ಕೆಲವು ಹೆಣ್ಣುಮಕ್ಕಳು ಚಾಪೆಯ ಮೇಲೆ ಕುಳಿತಿದ್ದರು. ಒಳಗಿಂದ ದನಿ ಬಂತು: ನಾರಾಯಣಪುರ. ಹುಮನಾಬಾದ. ರಾಜೇಶ್ವರ. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿತು.

ರೇವಪ್ಪನವರು ಹೊಟ್ಟೆ ಹಿಡಿದು ನಕ್ಕರು. "ರಾಜೇಶ್ವರ ಅಂತ ಕೇಳಿಸಿದ್ರ ಏನಾತು, ಮೇಡಂ? ಊರ ಹೆಸರು ಕೇಳಿ ಯಾರ ಸಂಸಾರಾ ಮುರೀತದ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮಂಗಲಾ ಎದ್ದಳು. ಮನೆಯವರನ್ನು ಹೊರಗೆ ಕಳಿಸಿ ತಾನು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು. ಚಿಲಕ ಬಿತ್ತು. ತಡೆಯಬೇಕು ಅನ್ನಿಸಿತು. ಅವಳು ಏನು ಹೇಳುತ್ತಾಳೆಂದು ನನಗೆ ಗೊತ್ತಾಗಿಬಿಟ್ಟಿತ್ತು.

"ಕೂಸು ಬ್ಯಾಡಂತಲ್ಲರಿ, ಬಾಯೀ" ಎಂದಿತು ಗೋಡೆಯಾಚೆಯ ದನಿ. ಕೂಗಿದ್ದಲ್ಲ, ಅತ್ತದ್ದೂ ಅಲ್ಲ. "ಅವರ ಕೈ ನಿಂತ ಮ್ಯಾಲ ಬೇಕು. ಅಲ್ಲೀತನಕ ಗುಳಗಿ ನುಂಗಾಕತ್ತೀನಿ. ಜ್ವಾಳದ ಹಿಟ್ಟಿನ ಡಬ್ಬ್ಯಾಗ, ತಳಕ್ಕ ಇಟ್ಟೀನಿ. ಅತ್ತಿ ನೋಡಬಾರದಂತ."

ರೇವಪ್ಪನವರ ನಗು ಅರ್ಧಕ್ಕೇ ನಿಂತಿತು. ಆ ಸುದ್ದಿ ಅವರಿಗೂ ಗೊತ್ತಿತ್ತು, ಹುಮನಾಬಾದಿನಲ್ಲಿ ಯಾರಿಗೆ ಗೊತ್ತಿರಲಿಲ್ಲ? ಆ ಹುಡುಗಿ ಇವಳೇ ಎಂದು ಮಾತ್ರ ತಿಳಿದಿರಲಿಲ್ಲ. ಚಾಪೆಯ ಮೇಲಿದ್ದವರಲ್ಲಿ ಒಬ್ಬಳು, ಸೆರಗಿನಿಂದ ಕೆನ್ನೆಯ ಒಂದು ಪಕ್ಕ ಮುಚ್ಚಿಕೊಂಡೇ ಕುಳಿತಿದ್ದವಳು, ಮೆಲ್ಲಗೆ ಎದ್ದು ಚಪ್ಪಲಿ ಹುಡುಕತೊಡಗಿದಳು. ಮೇಡಂ ಅವಳನ್ನು ನೋಡಿದರು. ಆಮೇಲೆ ತಲೆ ಎತ್ತಿ ಮೇಲೆ ನೋಡಿದರು.

ಮಂಗಲಾ ಬಾಗಿಲು ತೆಗೆದವಳೇ ಓಡಿಬಂದು ಆ ಹೆಣ್ಣುಮಗಳ ಕೈ ಹಿಡಿದಳು. "ಹೋಗಬ್ಯಾಡ, ಯಕ್ಕಾ. ಗೋಡಿ ಏರೂತನಕ ಹಿತ್ತಲಾಗ ಕುಂತು ಮಾತಾಡೂಣು ಬಾ. ಅಲ್ಲಿ ಗೋಡಿನೂ ಇಲ್ಲ, ಕೇಳವರೂ ಇಲ್ಲ."

ಅವರಿಬ್ಬರೂ ಹಿತ್ತಲಿಗೆ ಹೋದ ಮೇಲೆ ಮೇಡಂ, "ಬುಧವಾರ ಬ್ಯಾಡ. ಅತಿಥಿಗೋಳಿಗಿ ನಾ ಹೇಳತೀನಿ. ಗೋಡಿ ಮುಗೀಲಿ" ಎಂದರು.

ರೇವಪ್ಪನವರು ಸರಿಸಿದ್ದ ಚೌಕದ ಕೆಳಗೆ ಹೋಗಿ ನಿಂತು ಮೇಲೆ ನೋಡಿದರು. ನಂತರ ನನ್ನ ಮುಖ ನೋಡದೆ, "ಹಲಗಿ ತರಸ್ತೀನಿ. ವೈನಿ, ಎರಡ ದಿನಾ ನಿಂದರತೀರೇನು?" ಎಂದರು.

ನಿಂತೆವು. ಹುಡುಗರು ಹಲಗೆ ಏರಿಸಿದರು. ಫರಸಿ ಕಲ್ಲು ಸಮನಾಗಿರುವುದಿಲ್ಲ, ಉಬ್ಬುತಗ್ಗು ಇರುತ್ತದೆ. ಹಲಗೆಯ ತಲೆಯನ್ನು ಕಲ್ಲಿನ ಮೈ ನೋಡಿ ಕತ್ತರಿಸಬೇಕು, ಗರ್ಡರಿನ ಎರಡೂ ಪಕ್ಕದಲ್ಲಿ ತುಂಬಬೇಕು. ನಾನು ಕೆಳಗೆ ನಿಂತು ಹೇಳಿದೆ. ಕೊನೆಗೆ ಪೈಪಿನ ಹಿಂದಿನ ಒಂದು ಸಂದಿಗೆ ಯಾರ ಕೈಯೂ ಹೋಗದೆ ನಾನೇ ಏಣಿ ಹತ್ತಿದೆ. ಹೆಗಲು ನೋಯಿತು. ಕೈ ಬಳೆ ಸಮೇತ ಹೋಯಿತು, ಶಿವನ ದಯೆ.

ಪರೀಕ್ಷೆಗೆ ಮನೆಯವರು ಒಳಗೆ ಹೋದರು. ಮಂಗಲಾ ನನ್ನ ಪಕ್ಕ ಕುಳಿತಳು. ಇಬ್ಬರೂ ಕಾದೆವು.

"ಯಾವ ಊರ್ ಬಂತವ್ವಾ?" ಎಂದೆ.

"ಕಾಕಾ ಮಾತಾಡಾಕತ್ತಾರೇನು?" ಎಂದಳು ಅವಳು.

ಸಾಕು ಬನ್ನಿ ಎಂದು ಕರೆದೆವು. ನಮ್ಮ ದನಿ ಒಳಗೆ ಹೋಗಲಿಲ್ಲ. ಬಾಗಿಲು ತೆರೆದು ನೋಡಿದರೆ ಅವರು ಗೋಡೆಗೆ ಮುಖ ಮಾಡಿ ಕುಳಿತು, ತಾಲೂಕಿನ ಊರುಗಳೆಲ್ಲ ಮುಗಿದು, ತಮ್ಮ ಅಜ್ಜಿಯ ಊರಿಗೆ ಬಂದಿದ್ದರು. ಮಂಗಲಾ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ದವಾಖಾನೆಯಿಂದ ಹೊರಬಂದ ಆ ಗಳಿಗೆಯ ನಂತರ ನೋಡಿರಲಿಲ್ಲ.

ಸಂತೋಷಪಡಬೇಕು, ಪಟ್ಟೆ. ಆದರೆ ಬಸ್ಸಿನಲ್ಲಿ ಕುಳಿತು ಬರುವಾಗ ಸಿಟ್ಟು ಮತ್ತೆ ಏರಿತು. ಆ ತೋಳಿನಷ್ಟು ಗೋಡೆಗೆ ಬೇಕಾದದ್ದು ಒಂದಿಷ್ಟು ಹಲಗೆ, ಒಂದಿಷ್ಟು ಸೀಲಂಟ್, ಎರಡು ದಿನದ ಕೆಲಸ. ಅಷ್ಟನ್ನು ಮಾಡಿಸಲು ಒಬ್ಬ ಹೆಣ್ಣುಮಗಳು ತನ್ನ ಮನೆ ಮುರಿದ ಮಾತನ್ನು ಊರಿನ ಮುಂದೆ ಎರಡನೇ ಸಲ ಆಡಬೇಕಾಯಿತು. ನಾನು ಹೇಳಿದರೆ ಕೇಳಲಿಲ್ಲ, ಟಾರ್ಚು ತೋರಿಸಿದರೆ ನೋಡಲಿಲ್ಲ, ಊರಿನ ಹೆಸರು ಕೇಳಿಸಿದರೆ ನಕ್ಕರು. ಈ ಕೆಲಸಕ್ಕೆ ಬರುವ ಹುಡುಗಿಯರೇ, ನಿಮ್ಮನ್ನು ಏಣಿಯಿಂದ ಇಳಿ ಎಂದಾಗ ಇಳಿಯಬೇಡಿ. ನಿಮ್ಮ ತಲೆಯ ಮೇಲಿರುವ ಆ ಸಂದಿಯ ಕೆಳಗೆ ಯಾರು ಬಂದು ಕೂರುತ್ತಾರೋ ನಿಮಗೆ ಗೊತ್ತಿರುವುದಿಲ್ಲ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತಾಗಿತ್ತು. ಅರ್ಧ ಬೆಳಗಿದ ತಂಬಿಗೆ ಅಲ್ಲೇ ಇತ್ತು, ಅದು ನಾಳೆಗಿರಲಿ ಎಂದುಕೊಂಡೆ. ಮನೆಯವರಿಗೆ ಹಸಿವಾಗಿತ್ತು. ಎಸರಿಗೆ ನೀರಿಟ್ಟು, ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದೆ. ಹಿಟ್ಟು ತಳ ಮುಟ್ಟಿತ್ತು. ತಳದವರೆಗೂ ಕೈ ಹಾಕಿ ಕೆರೆದು ತೆಗೆದು, ಜರಡಿ ಹಿಡಿದು, ರೊಟ್ಟಿಗೆ ಕುಳಿತೆ.